ತವರಿಗೆ ಹೋದ ಸಿಪಿಯು

ಕಳೆದ ವಾರ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಕುಕ್ಕರಿನ ಗ್ಯಾಸ್ಕೆಟ್ ತರಬೇಕಿತ್ತು, ಅಷ್ಟೇ. ಕಾಂಪ್ಲೆಕ್ಸಿನ ಹತ್ತಿರ ಎಲ್ಲೂ ಜಾಗ ಸಿಗದೆ ಅಡ್ಡರಸ್ತೆಯೊಂದರಲ್ಲಿ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದೆನೋ ಇಲ್ಲವೋ, ಆ ವಾಸನೆ ಮೂಗಿಗೆ ಬಡಿಯಿತು. ಪ್ರಿಂಟರಿನಿಂದ ಆಗಷ್ಟೇ ಹೊರಬಿದ್ದ ದಪ್ಪ ಕಾಗದದ ಬಿಸಿ ವಾಸನೆ, ಅದರ ಮೂಲೆಗೆ ಹಚ್ಚಿದ ಅರಿಸಿನದ ವಾಸನೆ. ಇವೆರಡೂ ಒಟ್ಟಿಗೆ ಬರುವುದು ಲಗ್ನಪತ್ರಿಕೆಯ ಅಂಗಡಿಯಲ್ಲಿ ಮಾತ್ರ. ಶ್ರಾವಣ ಆಗಷ್ಟೇ ಹುಟ್ಟಿತ್ತು. ಗಾಳಿ, ತುಂತುರು, ಬಾಗಿಲು ತೆಗೆಯುತ್ತಿರುವ ಅಂಗಡಿಗಳ ಷಟರಿನ ಸದ್ದು. ನನಗೆ ಗ್ಯಾಸ್ಕೆಟ್ ಮರೆತೇ ಹೋಯಿತು. ಕಾಲು ತಾನಾಗಿ ಶಾರದಕ್ಕನ ಅಂಗಡಿಯ ಕಡೆ ತಿರುಗಿತು.

ಶಾರದಕ್ಕನನ್ನು ನಾನು ನಿಜವಾಗಿ ಅರಿತದ್ದು ಒಂದೇ ಒಂದು ಆಷಾಢದಲ್ಲಿ. ಅದು ನನ್ನ ಮದುವೆಯಾದ ವರ್ಷ. ವೈಶಾಖದಲ್ಲಿ ಗದಗಿನಲ್ಲಿ ಲಗ್ನ, ಜ್ಯೇಷ್ಠದಲ್ಲಿ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ನಾನು ಮದುವೆಗೆ ಮುಂಚಿನಿಂದಲೂ ಜಯನಗರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಸಾಫ್ಟ್‌ವೇರ್ ಕಂಪನಿ ಎಂದ ಕೂಡಲೇ ಗಾಜಿನ ಕಟ್ಟಡ, ಕ್ಯಾಬು, ಕ್ಯಾಂಟೀನು ಎಂದು ಊಹಿಸಿಕೊಳ್ಳಬೇಡಿ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಮೇಲಿನ ಮಹಡಿ, ಎರಡು ಕೋಣೆ, ದಿನವಿಡೀ ಕೆಳಗಿನಿಂದ ಡ್ರಿಲ್ಲಿನ ಕುಂಯ್ ಸದ್ದು. ಮಾಲೀಕರು ಪ್ರಭಾಕರ್ ಸರ್. ಅವರು ಬರೆದ ಒಂದು ಪ್ರೋಗ್ರಾಂ ನಮ್ಮೆಲ್ಲರ ಅನ್ನ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣದ ಕಾರ್ಡುಗಳನ್ನು ಕನ್ನಡದಲ್ಲಿ ಚೆಂದವಾಗಿ ಜೋಡಿಸಿ ಕೊಡುವ ಪ್ರೋಗ್ರಾಂ ಅದು. ಬನಶಂಕರಿ, ಜೆಪಿ ನಗರ, ಅರೆಕೆರೆ, ಎಲ್ಲ ಕಡೆಯ ಸಣ್ಣ ಪ್ರಿಂಟಿಂಗ್ ಅಂಗಡಿಗಳಲ್ಲಿ ಅದೇ ಓಡುತ್ತಿತ್ತು. ಅಂಗಡಿಗಳಿಗೆ ಹೋಗಿ ಅದನ್ನು ಅವರ ಕಂಪ್ಯೂಟರಿಗೆ ಹಾಕಿಕೊಡುವುದು, ಕೆಟ್ಟರೆ ಬೈಸಿಕೊಂಡು ಸರಿಮಾಡುವುದು ನನ್ನ ಕೆಲಸ.

ಹಾಕಿಕೊಡುವುದೇನು ಮಹಾ ಎಂದು ನನ್ನ ಗಂಡನೂ ಕೇಳುತ್ತಿದ್ದ. ಅವನಿಗೆ ನಾನು ಹೇಳುತ್ತಿದ್ದದ್ದು ಹೀಗೆ. ನಮ್ಮ ಪ್ರೋಗ್ರಾಂ ಮದುವೆ ಮನೆಗೆ ಬರುವ ಅಡುಗೆಯವನಿದ್ದ ಹಾಗೆ. ಸೌಟು, ಪಾತ್ರೆ ಎಲ್ಲ ತರುತ್ತಾನೆ, ಆದರೆ ಒಲೆ ಮನೆಯವರದ್ದೇ ಆಗಬೇಕು. ಆ ಒಲೆಗೆ ರನ್‌ಟೈಮ್ ಎಂದು ಹೆಸರು. ಒಂದು ಮನೆಯಲ್ಲಿ ಒಲೆಯೇ ಇರುವುದಿಲ್ಲ, ಇನ್ನೊಂದರಲ್ಲಿ ಅಜ್ಜನ ಕಾಲದ್ದು ಇರುತ್ತದೆ, ಮತ್ತೊಂದರಲ್ಲಿ ಇರುವ ಒಲೆಯ ಮೇಲೆ ಬೇರೆ ಯಾರದೋ ಅಡುಗೆ ಆಗಲೇ ಬೇಯುತ್ತಿರುತ್ತದೆ. ಅಡುಗೆ ಕೆಟ್ಟರೆ ಮಾತ್ರ ಎಲ್ಲರೂ ಬೈಯುವುದು ಅಡುಗೆಯವನನ್ನೇ.

ಆ ವರ್ಷ ಹಳೆಯ ಒಲೆಯ ಕಾಲ ಮುಗಿದಿತ್ತು. ಅದನ್ನು ಮಾಡುವವರು ಇನ್ನು ಅದರ ತಂಟೆ ಬೇಡ ಎಂದು ಕೈತೊಳೆದುಕೊಂಡಿದ್ದರು. ಪ್ರಭಾಕರ್ ಸರ್ ಪ್ರೋಗ್ರಾಮಿನ ಹೊಸ ಆವೃತ್ತಿ ಬರೆದು, ಹಳೆಯದು ಆಷಾಢ ಕಳೆಯುವ ಹೊತ್ತಿಗೆ ತೆರೆಯದಂತೆ ಕೊನೆಯ ತಾರೀಕು ಹಾಕಿಬಿಟ್ಟರು. ಅಷ್ಟರೊಳಗೆ ಎಲ್ಲ ಅಂಗಡಿಗಳಿಗೂ ಹೊಸ ರನ್‌ಟೈಮ್, ಹೊಸ ಪ್ರೋಗ್ರಾಂ ಹೋಗಬೇಕು. ಆಷಾಢವನ್ನೇ ಯಾಕೆ ಆರಿಸಿದರು ಎಂದರೆ, ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಕಾರ್ಡಿನ ಅಂಗಡಿಗಳು ನೊಣ ಹೊಡೆಯುತ್ತಿರುತ್ತವೆ. ಪುರುಸೊತ್ತಾಗಿ ಹಾಕಿಕೊಡಬಹುದು. ಕೇಳುವುದಕ್ಕೆ ಎಷ್ಟು ಸರಿಯಾಗಿತ್ತೆಂದರೆ ನಾನೂ ತಲೆಯಾಡಿಸಿದ್ದೆ.

ಅದೇ ವಾರ ಅವ್ವನ ಫೋನ್ ಬಂತು. “ಯವ್ವಾ ವಿಜಿ, ಮೊದಲನೇ ಆಷಾಢ ಐತಿ. ಹೊಸ ಮದುಮಗಳು ಗಂಡನ ಮನ್ಯಾಗ ಇರಬಾರ್ದು. ಟ್ರೇನ್ ಹತ್ತು.”

“ಆಫೀಸಿನ್ಯಾಗ ಭಾಳ ಕೆಲಸ ಐತಿ ಅವ್ವಾ. ರಜಾ ಕೊಡೂದಿಲ್ಲ.”

“ಅದೆಂಥಾ ಆಫೀಸವಾ, ಆಷಾಢಕ್ಕೂ ರಜಾ ಕೊಡಲಾರದ್ದು,” ಎಂದು ಫೋನ್ ಇಟ್ಟಳು. ನನಗೂ ಅಳು ಬಂದಿತ್ತು. ಊರು, ಅವ್ವನ ಕೈಯ ರೊಟ್ಟಿ, ಏನೂ ಕೆಲಸವಿಲ್ಲದ ಒಂದು ತಿಂಗಳು, ಇವೆಲ್ಲ ಕೈತಪ್ಪಿ ಹೋಗಿದ್ದು ಯಾರದೋ ಕಂಪ್ಯೂಟರಿನ ಒಲೆಗಾಗಿ. ಆ ಸಿಟ್ಟು ಇಡೀ ತಿಂಗಳು ನನ್ನ ಮೂಗಿನ ತುದಿಯಲ್ಲೇ ಇತ್ತು.

ಮೊದಲು ಸರ್ ಇಂಟರ್‌ನೆಟ್ಟಿನಲ್ಲೇ ಹೊಸದನ್ನು ಕಳಿಸಿ ನೋಡಿದರು. ಅಂಗಡಿಯವರ ಪರದೆಯ ಮೇಲೆ ಒಂದು ಚೌಕ ಮೂಡಿ, ರನ್‌ಟೈಮ್ ಹಾಕಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಎಲ್ಲರೂ ಬೇಡ ಎಂದು ಒತ್ತಿದರು. ಗೊತ್ತಿಲ್ಲದ ಚೌಕ ಬಂದರೆ ಬೇಡ ಎಂದು ಒತ್ತಿ ಅಂತ ಅವರಿಗೆಲ್ಲ ಕಲಿಸಿದ್ದು ನಾವೇ. ಹಾಗಾಗಿ ನಾನು ಸ್ಕೂಟರ್ ಹತ್ತಿದೆ. ಆಷಾಢದ ಗಾಳಿಗೆ ಬನ್ನೇರುಘಟ್ಟ ರಸ್ತೆಯ ಧೂಳೆಲ್ಲ ಕಣ್ಣಿಗೆ. ಅರೆಕೆರೆಯ ಅಂಗಡಿಯಲ್ಲಿ ಕಂಪ್ಯೂಟರಿನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಅದನ್ನು ಇಟ್ಟ ಅಳಿಯ ದುಬೈನಲ್ಲಿದ್ದಾನೆ. ಜೆಪಿ ನಗರದಲ್ಲಿ ವೈರಸ್ ಕಾಯುವ ಪ್ರೋಗ್ರಾಂ ನಮ್ಮ ರನ್‌ಟೈಮನ್ನು ಕಳ್ಳನೆಂದು ಹಿಡಿದು ಹಾಕಿತು. ಬನಶಂಕರಿಯಲ್ಲಿ ಒಲೆ ಬದಲಾಯಿಸಿದ ಕೂಡಲೇ ನಮ್ಮದು ಓಡಿತು, ಅದೇ ಕಂಪ್ಯೂಟರಿನಲ್ಲಿದ್ದ ತೆರಿಗೆ ಕಟ್ಟುವ ಪ್ರೋಗ್ರಾಂ ನಿಂತುಹೋಯಿತು. ಅವರ ಆಡಿಟರು ನನಗೆ ಫೋನಿನಲ್ಲಿ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇವೆಲ್ಲ ಹೇಗೋ ಬಗೆಹರಿಯುವಂಥವು. ಬಗೆಹರಿಯದ್ದು ಬೇರೆ ಇತ್ತು. ಯಾವ ಅಂಗಡಿಗೆ ಹೋದರೂ ಒಂದೇ ಮಾತು: ಆಷಾಢದಲ್ಲಿ ಹೊಸದು ಬೇಡ, ಶ್ರಾವಣ ಬರಲಿ. ಶ್ರಾವಣಕ್ಕೆ ಹಳೆಯದು ತೆರೆಯುವುದೇ ಇಲ್ಲ ಎಂದು ಎಷ್ಟು ಬಡಿದುಕೊಂಡರೂ ಅಷ್ಟೇ. ನಾನು ಆಫೀಸಿಗೆ ಬಂದು ಹೇಳಿದಾಗ ಪ್ರಭಾಕರ್ ಸರ್ ತಲೆ ಮೇಲೆ ಕೈಯಿಟ್ಟುಕೊಂಡು ಕೂತರು. “ಅಯ್ಯೋ, ನಮ್ಮ ಮನೇಲೇ ಆಷಾಢ ಅಂತ ಹೊಸ ಮಿಕ್ಸಿ ಡಬ್ಬಾ ಬಿಚ್ಚಿಲ್ಲ ಕಣಮ್ಮ. ನಂಗೆ ಹೊಳೀಲೇ ಇಲ್ವಲ್ಲ,” ಅಂದರು. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ಮನುಷ್ಯ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಶಾರದಕ್ಕನ ಅಂಗಡಿಗೆ ಹೋದದ್ದು ಅದರ ಮಾರನೇ ದಿನ. ಮನೆಯ ಕೆಳಗಿನ ಕಾರ್ ಷೆಡ್ಡಿನಷ್ಟು ಜಾಗ, ಒಂದೇ ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ತುಂಬ ಮಾದರಿ ಕಾರ್ಡುಗಳು. ಹಣೆಯ ಮೇಲೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಜೋರು ಬಾಯಿ. ಗಂಡ ತೀರಿಕೊಂಡ ಮೇಲೆ ಟೈಪಿಂಗ್ ಕಲಿತು ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದರು. ಮನೆ ಪಾಲಾದಾಗ ಕೆಳಗಿನ ಭಾಗ ಮೈದುನ ಮಹೇಶನಿಗೆ ಹೋಗಿತ್ತು. ಅವನು ಮೇಲಿನ ಮಹಡಿಯಲ್ಲಿರುತ್ತಿದ್ದ, ಯಾವುದೋ ಆಫೀಸಿನಲ್ಲಿ ಕೆಲಸ. ಮಾತು ಕಡಿಮೆ.

ನಾನು ಅಂಗಡಿಯೊಳಗೆ ಕಾಲಿಡುವಾಗ ಅವನು ಅತ್ತಿಗೆಯ ಮುಂದೆ ನಿಂತಿದ್ದ. “ನೋಡಿ ಅತ್ತಿಗೆ, ಜ್ಯೂಸ್ ಅಂಗಡಿಯವರು ದಿನಾ ಕೇಳ್ತಿದಾರೆ. ಈಗೆಲ್ಲ ಜನ ಮೊಬೈಲಲ್ಲೇ ಕಾರ್ಡ್ ಕಳಿಸ್ತಾರೆ. ಶ್ರಾವಣ ನೋಡೋಣ. ಸೀಸನ್ ನಡೆದ್ರೆ ಸರಿ, ಇಲ್ಲಾಂದ್ರೆ ಅಂಗಡಿ ಬಿಟ್ಟುಕೊಡಿ. ಬೇಜಾರ್ ಮಾಡ್ಕೋಬೇಡಿ,” ಎಂದು ಹೇಳಿ ಹೊರಟುಹೋದ. ಕೂಗಾಡಲಿಲ್ಲ, ಏನಿಲ್ಲ. ಶಾರದಕ್ಕ ಸ್ವಲ್ಪ ಹೊತ್ತು ಕೀಬೋರ್ಡನ್ನು ಬಟ್ಟೆಯಿಂದ ಒರೆಸುತ್ತ ಕೂತರು. ಮತ್ತೆ ತಾವಾಗಿಯೇ ಹೇಳಿದರು: “ಜೆಪಿ ನಗರದ ಚಂದ್ರಶೇಖರಪ್ಪ ಅಂತ, ಅಡಿಕೆ ಮಂಡಿಯವರು. ಮಗಳ ಮದುವೆ. ಶ್ರಾವಣದ ಮೊದಲ್ನೇ ಸೋಮವಾರ ಬೇಗೂರು ನಾಗೇಶ್ವರನ ಮುಂದೆ ಮೊದಲ್ನೇ ಪತ್ರಿಕೆ ಇಡ್ತಾರಂತೆ. ಅವತ್ತು ಬೆಳಿಗ್ಗೆ ಅದೊಂದು ಸರಿಯಾಗಿ ಬಂದ್ರೆ ಪೂರ್ತಿ ಆರ್ಡರ್ ನನಗೇ. ಅವರ ನೆಂಟರಿಷ್ಟರಲ್ಲೇ ಇನ್ನೂ ಐದಾರು ಮದುವೆ ಇದೆ. ಅದು ಬಂದ್ರೆ ಮಹೇಶನ ಬಾಯಿಗೆ ಬೀಗ ಬೀಳುತ್ತೆ. ಇಲ್ಲಾಂದ್ರೆ ಅಂಗಡಿ ಹೋಯ್ತು ಅಂತಲೇ ಲೆಕ್ಕ.”

“ಹಂಗಾರ ಇವತ್ತ ಹೊಸಾದು ಹಾಕಿಬಿಡ್ತೀನ್ರಿ ಅಕ್ಕಾ,” ಅಂದೆ.

“ಆಷಾಢ ಕಣೆ. ಮುಟ್ಬೇಡ.”

“ಇದೇನು ಮದುವಿ ಅಲ್ರಿ. ಕಂಪ್ಯೂಟರಿನ್ಯಾಗ ಒಂದು ರನ್‌ಟೈಮ್ ಹಾಕೂದೈತಿ. ಹಾಕ್ಲಿಲ್ಲ ಅಂದ್ರ ಶ್ರಾವಣದಾಗ ನಿಮ್ಮ ಪ್ರೋಗ್ರಾಂ ಬಾಗಿಲಾ ತಗಿಯೂದಿಲ್ಲ.”

“ನನ್ನ ಹತ್ರ ಬರೋರು ಆರ್ಡರ್ ಕೊಡೋಕೂ ರಾಹುಕಾಲ ತಪ್ಪಿಸಿ ಬರ್ತಾರೆ. ಅಂಥೋರ ಮನೆ ಕಾರ್ಡನ್ನ ಆಷಾಢದಲ್ಲಿ ಶುರು ಮಾಡಿದ್ರಲ್ಲಿ ತೆಗೀಲಾ? ನಾಳೆ ಆ ಹುಡುಗಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನಗೆ ನಿದ್ದೆ ಬರುತ್ತಾ?” ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನನ್ನ ಕೊರಳಿನ ಹೊಸ ತಾಳಿಯ ಅರಿಸಿನ ದಾರವನ್ನು ನೋಡಿ, “ಅಲ್ಲಾ, ನೀನ್ಯಾಕೆ ಇಲ್ಲಿದೀಯ? ಮೊದಲ್ನೇ ಆಷಾಢ ತಾನೇ? ತವರಿಗೆ ಹೋಗ್ಬೇಕು ಅಂತ ಗೊತ್ತಾಗಲ್ವಾ ನಿಂಗೆ?” ಅಂದುಬಿಟ್ಟರು.

ನನಗೆ ತಲೆ ಕೆಟ್ಟಿತು. “ನನಗ ಹೋಗಾಕ ಆಗ್ಲಿಲ್ರಿ. ನಿಮ್ಮ ಸಿಪಿಯುನಾರ ತವರಿಗೆ ಕಳಸ್ರಿ. ಅದನ್ನ ಜೋಡಿಸಿ ನಿಮಗ ಕೊಟ್ಟವರು ನಮ್ಮ ಸರ್, ಅದರ ತವರು ನಮ್ಮ ಆಫೀಸು. ಆಷಾಢ ಮುಗಿಯೂತನ ಅಲ್ಲೇ ಬಿದ್ದಿರ್ಲಿ,” ಎಂದು ಬ್ಯಾಗ್ ಎತ್ತಿಕೊಂಡೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಷ್ಟೇ. ತಿರುಗಿ ನೋಡಿದರೆ ಶಾರದಕ್ಕ ನಗುತ್ತಿಲ್ಲ. ಕೈಯಲ್ಲಿದ್ದ ಬಟ್ಟೆ ಹಿಡಿದು ಯೋಚಿಸುತ್ತಿದ್ದಾರೆ.

“ಅದು ಸರಿ,” ಅಂದರು. “ತವರಲ್ಲಿ ಹೊಸ ಸೀರೆ ಉಡಿಸಿದ್ರೆ ಬೇಡ ಅನ್ನೋಕೆ ಯಾರಿಗೂ ಹಕ್ಕಿಲ್ಲ. ಅದು ಗಂಡನ ಮನೇಲಿ ಮಾಡಿದ್ದಲ್ವಲ್ಲ. ತಗೊಂಡ್ಹೋಗು. ಏನು ಬೇಕೋ ಅಲ್ಲೇ ಮಾಡು. ಆದ್ರೆ ಕೆಲಸ ಆದ್ಮೇಲೆ ಸ್ವಿಚ್ ಹಾಕ್ಬೇಡ, ರೆಸ್ಟಲ್ಲಿರ್ಲಿ. ಶ್ರಾವಣದಲ್ಲಿ ಇಲ್ಲೇ ಹಚ್ಚೋಣ.”

ಅವರು ವೈರುಗಳನ್ನು ಬಿಡಿಸಿದರು, ಸಿಪಿಯು ಪೆಟ್ಟಿಗೆಯ ಧೂಳೊರೆಸಿದರು, ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿದರು. ಸ್ಕೂಟರನ್ನು ಅಲ್ಲೇ ಬಿಟ್ಟು ಆಟೋ ಕರೆದೆ. ಆಟೋ ಹತ್ತಿಸುವಾಗ ಶಾರದಕ್ಕ ಮೆಲ್ಲಗೆ ಹೇಳಿದರು: “ನಾನು ಮದುವೆಯಾಗಿ ಬಂದಾಗ ಅಪ್ಪ ಅಮ್ಮ ಇಬ್ರೂ ಇರ್ಲಿಲ್ಲ. ಮೊದಲ್ನೇ ಆಷಾಢದಲ್ಲೂ ಇದೇ ಮನೇಲಿದ್ದೆ. ಹೋಗಿ ಬಾ ಅಂತ ಕಳಿಸೋಕೆ ಮನೇವರಿಗೆ ಆಸೆ ಇತ್ತು, ಬಾ ಅನ್ನೋರು ಆ ಕಡೆ ಇರ್ಬೇಕಲ್ಲ.” ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಸೀರೆಯ ಗಂಟನ್ನು ಮಡಿಲಲ್ಲಿ ಹಿಡಿದು ಕೂತೆ. ಆಟೋದವರು ಕನ್ನಡಿಯಲ್ಲಿ ನೋಡಿ, “ಮಗುನಾ ಮೇಡಂ? ನಿಧಾನಕ್ಕೆ ಹೋಗ್ಲಾ?” ಎಂದು ಕೇಳಿದರು. ಹೂಂ ಅಂದೆ.

ಈ ಸುದ್ದಿ ಅಂಗಡಿಯಿಂದ ಅಂಗಡಿಗೆ ಫೋನಿನಲ್ಲಿ ಹರಡಿತು. ಮುಂದಿನ ವಾರದಷ್ಟರಲ್ಲಿ ನಮ್ಮ ಆಫೀಸಿನ ತುಂಬ ಸಿಪಿಯುಗಳು. ಒಂದು ಚೀಲದಲ್ಲಿ ಬಂತು, ಒಂದು ಅಕ್ಕಿಮೂಟೆಯ ಗೋಣಿಯಲ್ಲಿ, ಅರೆಕೆರೆಯದ್ದು ಮಗುವಿನ ತಳ್ಳುಗಾಡಿಯಲ್ಲಿ. ಅಂಗಡಿಯವರು ದಿನಾ ಫೋನ್ ಮಾಡಿ “ಹೇಗಿದೆ ಮೇಡಂ ನಮ್ಮದು?” ಎಂದು ವಿಚಾರಿಸುವರು. “ಇದೇನು ಆಫೀಸೋ ಬಾಣಂತಿ ಕೋಣೆಯೋ?” ಎಂದು ಪ್ರಭಾಕರ್ ಸರ್ ಗೊಣಗುತ್ತ ಪೆಟ್ಟಿಗೆಗಳ ನಡುವೆ ಕಾಲು ಹುಡುಕಿಕೊಂಡು ಓಡಾಡುತ್ತಿದ್ದರು. ಆದರೆ ಅವರ ಮುಖದಲ್ಲಿ ಎಂದೂ ಇಲ್ಲದ ಕಳೆ. ಯಾಕೆಂದರೆ ಕೆಲಸ ಸರಾಗವಾಗಿ ಸಾಗುತ್ತಿತ್ತು. ಎಲ್ಲ ಕಂಪ್ಯೂಟರುಗಳನ್ನೂ ಒಟ್ಟಿಗೆ ಎದುರಿಗಿಟ್ಟುಕೊಂಡು ನೋಡಿದ್ದು ಅದೇ ಮೊದಲು. ಬನಶಂಕರಿಯ ಆಡಿಟರರ ಬೈಗುಳ ನನ್ನ ಕಿವಿಯಲ್ಲಿ ಇನ್ನೂ ಇತ್ತು. “ಸರ್, ಅವರ ಮನಿ ಒಲಿ ಮುಟ್ಟೂದು ಬ್ಯಾಡ. ನಮ್ಮ ಒಲಿ ನಾವೇ ಒಯ್ಯೋಣು,” ಅಂದೆ. ಅವರು ರನ್‌ಟೈಮನ್ನು ನಮ್ಮ ಪ್ರೋಗ್ರಾಮಿನ ಜೊತೆಗೇ ಒಂದೇ ಫೋಲ್ಡರಿನಲ್ಲಿ ಕಟ್ಟಿಟ್ಟರು. ಕಂಪ್ಯೂಟರಿನಲ್ಲಿ ಮೊದಲಿದ್ದದ್ದು ಇದ್ದ ಹಾಗೇ ಇರುತ್ತದೆ, ನಮ್ಮದು ನಮ್ಮ ಪಾಡಿಗೆ. ಜಗಳವೇ ನಿಂತುಹೋಯಿತು.

ಶಾರದಕ್ಕನದ್ದನ್ನು ಮೊದಲು ಮುಗಿಸಿದೆ. ಓಡಿಸಿ ನೋಡಿ, ಚೆನ್ನಾಗಿದೆ ಎಂದು ಖಾತ್ರಿ ಮಾಡಿಕೊಂಡು, ಅವರಿಗೆ ಮಾತು ಕೊಟ್ಟ ಹಾಗೆ ವೈರು ಕಿತ್ತು, ಅದೇ ಸೀರೆ ಸುತ್ತಿ, ಕಪಾಟಿನ ಮೇಲಿಟ್ಟೆ. ಆಷಾಢ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟಲಿಲ್ಲ. ಪಾಪ, ನಾವೆಲ್ಲ ಅದು ಆರಾಮವಾಗಿದೆ ಎಂದೇ ತಿಳಿದಿದ್ದೆವು.

ಭೀಮನ ಅಮಾವಾಸ್ಯೆ ಕಳೆಯಿತು. ಶ್ರಾವಣದ ಮೊದಲ ಸೋಮವಾರ ಬೆಳಗ್ಗೆ ಮಳೆಯಲ್ಲೇ ಗಂಟನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಬಂದೆ. ಶಾರದಕ್ಕ ಬಾಗಿಲಿಗೆ ರಂಗೋಲಿ ಹಾಕಿ, ಅದು ಮಳೆಗೆ ಅಳಿಸಿಹೋಗಿ, ಮತ್ತೆ ಹಾಕಿದ್ದರು. ಸಿಪಿಯುವಿಗೆ ಆರತಿ ಎತ್ತಿದರು. ಚಂದ್ರಶೇಖರಪ್ಪನವರು ರೇಷ್ಮೆ ಪಂಚೆ ಉಟ್ಟು ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. “ರಾಹುಕಾಲ ಒಂಬತ್ತಕ್ಕೆ ಮುಗಿಯುತ್ತೆ ಕಣಮ್ಮ. ಮುಗಿದ ಮೇಲೆ ತೆಗೀರಿ. ಹತ್ತರೊಳಗೆ ಕೈಗೆ ಕೊಟ್ಟುಬಿಡಿ, ಮನೆಯವರೆಲ್ಲ ಬೇಗೂರಲ್ಲಿ ಕಾಯ್ತಿದಾರೆ,” ಅಂದರು.

ರಾಹುಕಾಲ ಕಳೆಯಿತು. ಶಾರದಕ್ಕ ದೇವರಿಗೆ ಕೈಮುಗಿದು ಸ್ವಿಚ್ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದು ಅಲ್ಲೇ ನಿಂತವು. ಓದಿದೆ. ಕಂಪ್ಯೂಟರಿಗೆ ಇವತ್ತು ಯಾವ ದಿನ, ಯಾವ ವರ್ಷ ಎಂಬುದೇ ಮರೆತುಹೋಗಿತ್ತು. ಎಷ್ಟೋ ವರ್ಷ ಹಿಂದಿನ ಜನವರಿಯಲ್ಲಿ ಕೂತಿತ್ತು ಅದು.

ಸಿಪಿಯುವಿನ ಹೊಟ್ಟೆಯಲ್ಲಿ ನಾಣ್ಯದಂಥ ಒಂದು ಸಣ್ಣ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ದಿನಾಂಕ ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಅಂಗಡಿಯಲ್ಲಿ ಪ್ಲಗ್ ಎಂದೂ ಕಿತ್ತಿರಲಿಲ್ಲವಾದ್ದರಿಂದ ಹಳೆಯ ಸೆಲ್ಲು ಹೇಗೋ ಕಾಲ ತಳ್ಳಿಕೊಂಡಿತ್ತು. ತವರಿನಲ್ಲಿ ವೈರಿಲ್ಲದೆ ವಿಶ್ರಾಂತಿ ಪಡೆದ ಆ ದಿನಗಳಲ್ಲಿ ಪೂರಾ ಬರಿದಾಗಿತ್ತು. ಆಷಾಢವನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದ್ದೇ ಅದಕ್ಕೆ ಮುಳುವಾಯಿತು.

ದಿನಾಂಕವನ್ನು ಕೈಯಲ್ಲೇ ತುಂಬಿದೆ. ಕಂಪ್ಯೂಟರ್ ಎದ್ದಿತು. ಪ್ರೋಗ್ರಾಂ ತೆರೆದುಕೊಳ್ಳುತ್ತಿದ್ದ ಹಾಗೇ ಪಕ್ ಎಂದು ಕರೆಂಟು ಹೋಯಿತು. ಮಳೆಗೆ ಬೆಳಗಿನಿಂದಲೂ ಹೀಗೇ ಕಣ್ಣುಮುಚ್ಚಾಲೆ ಆಡುತ್ತಿತ್ತು. ಯುಪಿಎಸ್ ಒಂದು ಸಲ ಕೀಂ ಎಂದು ಅದೂ ಸುಮ್ಮನಾಯಿತು. ಕರೆಂಟ್ ಬಂದಾಗ ಮತ್ತೆ ಅದೇ ಹಳೆಯ ಜನವರಿ. ಪ್ರಭಾಕರ್ ಸರ್ ಹೊಸ ಪ್ರೋಗ್ರಾಮಿಗೆ ಒಂದು ಕಾವಲು ಇಟ್ಟಿದ್ದರು. ಹಿಂದೆ ಹೋದ ತಾರೀಕನ್ನು ಯಾರಾದರೂ ಕೈಯಲ್ಲಿ ತಿದ್ದಿದರೆ ಅದಕ್ಕೆ ಗೊತ್ತಾಗುತ್ತದೆ; ಎರಡು ಸಲ ಸುಮ್ಮನಿರುತ್ತದೆ, ಮತ್ತೂ ಕಂಡರೆ ಯಾರೋ ಕದ್ದು ಬಳಸುತ್ತಿದ್ದಾರೆಂದು ಬೀಗ ಹಾಕಿಕೊಳ್ಳುತ್ತದೆ. ಬೀಗ ಬಿದ್ದರೆ ತೆಗೆಯುವುದು ಆಫೀಸಿನಿಂದ ಮಾತ್ರ. ಸರ್ ಸೋಮವಾರದ ಪೂಜೆಯಲ್ಲಿದ್ದರು, ಫೋನ್ ಎತ್ತುತ್ತಿಲ್ಲ.

“ಅಕ್ಕಾ, ಇನ್ನೊಮ್ಮೆ ಕರೆಂಟ್ ಹೋದ್ರ ಇದು ಇವತ್ತ ತಗಿಯೂದಿಲ್ರಿ. ಸೆಲ್ ಬೇಕ ಬೇಕು,” ಅಂದೆ. ಅಂಗಡಿಗಳೆಲ್ಲ ತೆರೆಯುವುದು ಹತ್ತೂವರೆಗೆ. ಗೋಡೆ ಗಡಿಯಾರದ ಸೆಲ್ಲು ಬೇರೆ ಥರ, ಟಿವಿ ರಿಮೋಟಿನದ್ದೂ ಬೇರೆ. ಸಿಪಿಯು ಪೆಟ್ಟಿಗೆ ಬಿಚ್ಚಿ ತೆಗೆದ ಸತ್ತ ಸೆಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದೆ. ಚಂದ್ರಶೇಖರಪ್ಪನವರು ವಾಚ್ ನೋಡಿಕೊಂಡರು. “ನಾನು ಬೇರೆ ಕಡೆ ವಿಚಾರಿಸ್ಲಾ ತಾಯಿ? ತಪ್ಪು ತಿಳ್ಕೋಬೇಡಿ, ದೇವರ ಕೆಲಸ,” ಎಂದು ಮೆದುವಾಗಿ ಕೇಳಿದರು. ಶಾರದಕ್ಕ ಗೋಡೆಯ ಮೇಲಿನ ಕಾರ್ಡುಗಳನ್ನು ನೋಡುತ್ತ ಕೂತಿದ್ದರು.

ಆಗ ಮಹೇಶ ಆಫೀಸಿಗೆ ಹೊರಟು ಮೆಟ್ಟಿಲಿಳಿದು ಬಂದ. ಬಾಗಿಲಲ್ಲಿ ನಿಂತು ಒಮ್ಮೆ ಪ್ರತಿಯೊಬ್ಬರ ಮುಖವನ್ನೂ ನೋಡಿದ. ಅವನು ಏನೂ ಮಾಡಬೇಕಾಗಿರಲಿಲ್ಲ. ಕಾರು ಹತ್ತಿ ಹೋಗಿದ್ದರೆ ಸಾಕಿತ್ತು, ಸಂಜೆಯ ಹೊತ್ತಿಗೆ ಅಂಗಡಿ ಅವನದ್ದಾಗುತ್ತಿತ್ತು. “ಏನಾಯ್ತು?” ಅಂದ. ನಾನೇ ಹೇಳಿದೆ. ಅವನು ನನ್ನ ಅಂಗೈಯಿಂದ ಸೆಲ್ ತೆಗೆದುಕೊಂಡು, ಅದರ ಬೆನ್ನಿನ ನಂಬರನ್ನು ಬೆಳಕಿಗೆ ಹಿಡಿದು ಓದಿದ. ಕೈಯಲ್ಲಿದ್ದ, ಬಟನ್ ಒತ್ತಿ ತೆಗೆಯುವ ಕಾರಿನ ಕೀಲಿಯನ್ನು ನೋಡಿದ. ಆಮೇಲೆ ಹೆಬ್ಬೆರಳಿನ ಉಗುರು ಹಾಕಿ ಆ ಕೀಲಿಯ ಹೊಟ್ಟೆಯನ್ನು ಬಿಚ್ಚಿ, ಒಳಗಿಂದ ಒಂದು ಸೆಲ್ ತೆಗೆದು ನನ್ನ ಮುಂದೆ ಹಿಡಿದ.

“ಇದೇ ನಂಬರ್ ಅಲ್ವಾ ಮೇಡಂ? ಹಾಕಿ.”

“ನಿನ್ನ ಕಾರು?” ಎಂದರು ಶಾರದಕ್ಕ.

“ಕೀಲಿ ತಿರುಗಿಸಿ ತೆಗೀತೀನಿ ಅತ್ತಿಗೆ. ಬಟನ್ ಇಲ್ದಿದ್ರೆ ಏನು?”

ಸೆಲ್ ಕೂರಿಸಿದೆ. ದಿನಾಂಕ ತುಂಬಿದೆ. ಪ್ರೋಗ್ರಾಂ ತೆರೆಯುವ ಮೊದಲೇ ಕರೆಂಟ್ ಮತ್ತೆ ಹೋಯಿತು. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾದೆ. ಬಂತು. ಕಂಪ್ಯೂಟರ್ ಎದ್ದಿತು, ಮೂಲೆಯಲ್ಲಿ ಆ ದಿನದ್ದೇ ತಾರೀಕು, ಅದೇ ಸೋಮವಾರ. ಶಾರದಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ ಕೂತು ಟೈಪ್ ಮಾಡಿದರು. ನಾಗೇಶ್ವರ ಪ್ರಸನ್ನ ಎಂಬ ಸಾಲು ಮೇಲೆ ಮೂಡಿತು, ಕೆಳಗೆ ಹುಡುಗಿಯ ಹೆಸರು, ಹುಡುಗನ ಹೆಸರು. ಪ್ರಿಂಟರ್ ಗುರ್ರೆಂದು ಕಾರ್ಡನ್ನು ಹೊರಗೆ ತಳ್ಳಿತು. ಬಿಸಿ ಕಾಗದದ ಮೂಲೆಗಳಿಗೆ ಶಾರದಕ್ಕ ಬೆರಳಿನಿಂದ ಅರಿಸಿನ ಹಚ್ಚಿ ಕೊಟ್ಟರು. ಚಂದ್ರಶೇಖರಪ್ಪನವರು ಅದನ್ನು ಕಣ್ಣಿಗೊತ್ತಿಕೊಂಡು, “ಉಳಿದದ್ದು ನಾಳೆಯಿಂದಲೇ ಶುರು ಮಾಡಿಬಿಡಿ ತಾಯಿ,” ಎಂದು ಮಳೆಯಲ್ಲೇ ಓಡಿದರು.

ಅಷ್ಟರಲ್ಲಿ ಹೊರಗೆ ಪೋಂ ಪೋಂ ಪೋಂ ಎಂದು ಬೀದಿಯೆಲ್ಲ ಎದ್ದು ನಿಲ್ಲುವಂಥ ಸದ್ದು. ಬಟನ್ ಒತ್ತದೆ ಕೀಲಿ ತಿರುಗಿಸಿ ಬಾಗಿಲು ತೆಗೆದದ್ದಕ್ಕೆ ಮಹೇಶನ ಕಾರು ಅವನನ್ನೇ ಕಳ್ಳನೆಂದು ತಿಳಿದು ಬಡಿದುಕೊಳ್ಳುತ್ತಿತ್ತು. ಅವನು ನಾಚಿಕೆಯಿಂದ ಆಚೀಚೆ ನೋಡುತ್ತ ಗಡಿಬಿಡಿಯಲ್ಲಿ ಸ್ಟಾರ್ಟ್ ಮಾಡಿದ, ಸದ್ದು ನಿಂತಿತು. ಶಾರದಕ್ಕ ನಗುವುದಕ್ಕೆ ಹೋಗಿ ಅತ್ತುಬಿಟ್ಟರು. ನಾನೂ ಅತ್ತೆ. ಆಮೇಲೆ ಅವರು ಕಣ್ಣೊರೆಸಿಕೊಂಡು ಒಂದು ತಟ್ಟೆಯಲ್ಲಿ ಅರಿಸಿನ, ಕುಂಕುಮ, ರವಿಕೆ ಬಟ್ಟೆ ಇಟ್ಟು ನನ್ನ ಕೈಗೆ ಕೊಟ್ಟರು. “ಆಷಾಢ ತಪ್ಪಿಹೋಯ್ತು. ಪಂಚಮಿಗಾದ್ರೂ ನಿಮ್ಮಮ್ಮನ ಹತ್ರ ಹೋಗು,” ಅಂದರು. ಆ ವಾರವೇ ಗದಗಿನ ಟ್ರೇನ್ ಹತ್ತಿದೆ. ಉಂಡಿ ತಿಂದು, ಜೋಕಾಲಿ ಆಡಿ, ಅವ್ವನಿಗೆ ಈ ಕತೆ ಹೇಳಿದೆ. ಅವ್ವ ಎಲ್ಲ ಕೇಳಿ, “ಆ ಕಾರಿನ ಹುಡುಗ ಛಲೋ ಅದಾನ,” ಎಂದಳು.

ಈಗ ನಾನು ಬೇರೆ ಕಂಪನಿಯಲ್ಲಿದ್ದೇನೆ. ಈಗಿನ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ಬ್ರೌಸರಿನಲ್ಲೇ ತೆರೆದುಕೊಳ್ಳುತ್ತವೆ, ಒಲೆಯ ಚಿಂತೆ ಯಾರಿಗೂ ಇಲ್ಲ. ಕಳೆದ ವಾರ ಶಾರದಕ್ಕನ ಅಂಗಡಿಯೊಳಗೆ ಕಾಲಿಟ್ಟಾಗ ಅಲ್ಲಿ ಹೊಸ ಕಂಪ್ಯೂಟರಿತ್ತು. ಗೋಡೆಯ ಮೇಲೆ ಹೊಸ ಮಾದರಿಗಳು. ಹಳೆಯ ಸಿಪಿಯು ಮೂಲೆಯ ಹಲಗೆಯ ಮೇಲೆ ಕುಂಕುಮ ಇಟ್ಟುಕೊಂಡು ಕೂತಿತ್ತು. ಶಾರದಕ್ಕನ ಕೂದಲು ಬೆಳ್ಳಗಾಗಿದೆ, ಬಾಯಿ ಹಾಗೇ ಇದೆ. “ಎಷ್ಟು ದಿನ ಆಯ್ತೇ ಮುಖ ತೋರಿಸಿ,” ಎಂದು ಬೈದು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನಗೊಂದು ಲೋಟ ಕೊಟ್ಟರು. ತಮ್ಮ ಲೋಟವನ್ನು ಮಾತ್ರ ಮುಟ್ಟದೆ ಹಾಗೇ ಇಟ್ಟುಕೊಂಡು ಮಾತಾಡುತ್ತಿದ್ದರು.

ಆಗ ಹೊರಗೆ ಪೋಂ ಪೋಂ ಪೋಂ ಎಂದಿತು. ಇಣುಕಿ ನೋಡಿದೆ. ಅದೇ ಕಾರು, ತಲೆ ನರೆಯುತ್ತಿರುವ ಅದೇ ಮಹೇಶ, ಅದೇ ನಾಚಿಕೆ. ನನ್ನನ್ನು ಕಂಡು ಕೈಯೆತ್ತಿ, ಸ್ಟಾರ್ಟ್ ಮಾಡಿಕೊಂಡು ಹೋದ.

“ಅಲ್ರೀ ಅಕ್ಕಾ, ಇನ್ನೂ ಆ ಕೀಲಿಗೆ ಸೆಲ್ ಹಾಕಿಸಿಲ್ಲೇನು? ಈ ಬೀದ್ಯಾಗ ಯಾವ ಅಂಗಡ್ಯಾಗ ಕೇಳಿದ್ರೂ ಸಿಗ್ತೈತಿ.”

“ಹಾಕಿಸಿಲ್ಲ.”

“ಅಂಗಡಿ ಬಿಡ್ರಿ ಅಂತ ಮತ್ತ ಕೇಳಿಲ್ಲೇನು?”

“ಕೇಳಿಲ್ಲ. ಬಿಡ್ಬೇಡಿ ಅಂತಲೂ ಬಾಯಿಬಿಟ್ಟು ಹೇಳಿಲ್ಲ. ಅವನು ಹೇಳೋನಲ್ಲ, ನಾನು ಕೇಳೋಳಲ್ಲ,” ಎಂದು ಶಾರದಕ್ಕ ಆರಿಹೋದ ಲೋಟವನ್ನು ಎತ್ತಿಕೊಂಡರು. “ದಿನಾ ಬೆಳಿಗ್ಗೆ ಅದು ಬಡ್ಕೊಳ್ಳೋ ತನಕ ನನಗೆ ಕಾಫಿ ಇಳಿಯಲ್ಲ ಕಣೆ.”